ಕೂರಲು ಸೀಟಿಲ್ಲದ ನೌಕೆ: ಅಪೊಲೊ ಲೂನರ್ ಮಾಡ್ಯೂಲ್ ತೂಕ ಇಳಿಸಿಕೊಂಡ ಕತೆ

ಅಪೊಲೊ 11ರ ಫೋಟೊಗಳಲ್ಲಿ ಚಂದ್ರನ ಮೇಲೆ ನಿಂತಿರುವ ಆ ನೌಕೆಯನ್ನು ಒಮ್ಮೆ ಸರಿಯಾಗಿ ನೋಡಿ. ನಾನು ಮೊದಲ ಸಲ ನೋಡಿದಾಗ, ಇದೇನಪ್ಪ, ಮನೆ ಬದಲಾಯಿಸುವಾಗ ಕೈಗೆ ಸಿಕ್ಕ ಹಾಳೆಯಲ್ಲಿ ಸುತ್ತಿ ಹಗ್ಗ ಬಿಗಿದ ಸಾಮಾನಿನ ಹಾಗಿದೆಯಲ್ಲ ಅಂದುಕೊಂಡಿದ್ದೆ. ಬಂಗಾರದ ಬಣ್ಣದ ಹಾಳೆಯೆಲ್ಲ ಮುದುಡಿಕೊಂಡಿದೆ. ಮೇಲಿನ ಭಾಗದ ಒಂದು ಕೆನ್ನೆ ಜಾಸ್ತಿ ಊದಿದೆ, ಇನ್ನೊಂದು ಕಡಿಮೆ. ಕಿಟಕಿ ಅಂದರೆ ಎರಡು ಪುಟ್ಟ ತ್ರಿಕೋನ. ಒಳಗೆ ಹೋದರೆ ಕೂರಲು ಸೀಟೇ ಇಲ್ಲ.

ಇದನ್ನು ಯಾರೋ ಗಡಿಬಿಡಿಯಲ್ಲಿ ಮಾಡಿ ಕೊಟ್ಟಿದ್ದಲ್ಲ. ಅಮೆರಿಕದ ಗ್ರಮ್ಮನ್ ಕಂಪನಿಯವರು ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡಿನ ಬೆತ್‌ಪೇಜ್‌ನಲ್ಲಿ ಕೂತು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ್ದು. ತಮಾಷೆ ಏನಂದರೆ, ಆ ಕಂಪನಿಗೆ ಹೆಸರು ಬಂದಿದ್ದು ಯುದ್ಧನೌಕೆಗಳ ಡೆಕ್ ಮೇಲೆ ದಡಾರಂತ ಇಳಿದರೂ ಏನೂ ಆಗದ ಗಟ್ಟಿಮುಟ್ಟು ವಿಮಾನಗಳಿಂದ. 'ಗ್ರಮ್ಮನ್ ಐರನ್ ವರ್ಕ್ಸ್' ಅಂತ ಅಡ್ಡಹೆಸರೇ ಇತ್ತು, ಅಂದರೆ ಕಬ್ಬಿಣದ ಕಾರ್ಖಾನೆ. ಅಂಥವರೇ ಕೊನೆಗೆ ಕಟ್ಟಿದ್ದು, ಕೆಲವು ಕಡೆ ಗೋಡೆ ಬರೀ 0.3 ಮಿಲಿಮೀಟರ್ ದಪ್ಪ ಇರುವ ನೌಕೆಯನ್ನು.

ಮನುಷ್ಯರನ್ನು ಹೊತ್ತು ಬೇರೊಂದು ನೆಲದ ಮೇಲೆ ಇಳಿದು ಮತ್ತೆ ಎದ್ದು ಬಂದ ನೌಕೆ ಇವತ್ತಿನವರೆಗೂ ಇದೊಂದೇ. ಅದಕ್ಕೇ ಈ ಒಂದು ಪ್ರಕರಣವನ್ನು ಪೂರ್ತಿ ಬಿಡಿಸಿ ನೋಡೋಣ ಅನ್ನಿಸಿತು. ಅದರಲ್ಲೂ ತೂಕದ ವಿಷಯ. ಏಕೆಂದರೆ ಇದರ ವಿಚಿತ್ರ ರೂಪದಲ್ಲಿ ಮುಕ್ಕಾಲು ಪಾಲು ತಕ್ಕಡಿಯಿಂದ ಬಂದಿದ್ದು. ತೆಗೆದು ಹಾಕಿದ ತೂಕ ಸುಮ್ನೆ ಹೋಗಲಿಲ್ಲ, ಬೇರೆ ಬೇರೆ ರೂಪದಲ್ಲಿ ಸಾಲದ ಹಾಗೆ ವಾಪಸ್ ಬಂತು. ಆ ಭಾಗವನ್ನು ಎಲ್ಲರೂ ಬೇಗ ಹಾರಿಸಿಬಿಡುತ್ತಾರೆ.

ಇಂಥದ್ದೊಂದು ಯಾಕೆ ಬೇಕಾಯಿತು

1961ರಲ್ಲಿ ಕೆನಡಿ ಚಂದ್ರನ ಮಾತು ಆಡಿದಾಗ ತುಂಬಾ ಜನರ ತಲೆಯಲ್ಲಿದ್ದದ್ದು ಒಂದೇ ದೊಡ್ಡ ನೌಕೆ. ಅದೇ ಹೋಗಬೇಕು, ಅದೇ ಇಳಿಯಬೇಕು, ಅದೇ ಎದ್ದು ಮನೆಗೆ ಬರಬೇಕು. ಅದಕ್ಕೆ ನೋವಾ ಅಂತ ಒಂದು ದೈತ್ಯ ರಾಕೆಟ್ ಬೇಕಿತ್ತು, ಅದು ಕಾಗದದ ಮೇಲಷ್ಟೇ ಇತ್ತು. ಇನ್ನೊಂದು ಗುಂಪು, ಬೇಡ, ಭೂಮಿಯ ಸುತ್ತಲೇ ತುಂಡು ತುಂಡು ಜೋಡಿಸಿ ಕಳಿಸೋಣ ಅನ್ನುತ್ತಿತ್ತು.

ನಾಸಾದ ಲ್ಯಾಂಗ್ಲಿ ಕೇಂದ್ರದ ಜಾನ್ ಹೌಬೋಲ್ಟ್ ಎಂಬ ಎಂಜಿನಿಯರ್ ಬೇರೆಯೇ ಲೆಕ್ಕ ಹಾಕುತ್ತಿದ್ದರು. ಗುಡ್ಡ ಹತ್ತೋಕೆ ಹೋದಾಗ ಲಗೇಜನ್ನೆಲ್ಲ ಹೊತ್ತುಕೊಂಡು ಹೋಗ್ತೀವಾ? ಕೆಳಗೆ ಜೀಪಿನಲ್ಲಿ ಬಿಟ್ಟು ನೀರಿನ ಬಾಟಲಿ ಹಿಡಿದು ಹತ್ತುತ್ತೇವೆ. ಭೂಮಿಗೆ ವಾಪಸ್ ಬರಲು ಬೇಕಾದ ಶಾಖದ ಕವಚ, ಪ್ಯಾರಾಚೂಟ್, ಆ ದಾರಿಯ ಇಂಧನ ಇವನ್ನೆಲ್ಲ ಚಂದ್ರನ ನೆಲಕ್ಕೆ ಇಳಿಸಿ ಮತ್ತೆ ಎತ್ತಿಕೊಂಡು ಬರುವುದೇಕೆ? ಅದೆಲ್ಲ ಚಂದ್ರನ ಸುತ್ತ ಸುತ್ತುತ್ತಿರಲಿ, ಇಬ್ಬರು ಮಾತ್ರ ಒಂದು ಪುಟ್ಟ ನೌಕೆಯಲ್ಲಿ ಇಳಿದು ಬರಲಿ. ಅವರ ಮಾತಿಗೆ ಯಾರೂ ಕಿವಿಗೊಡದಿದ್ದಾಗ 1961ರ ನವೆಂಬರಿನಲ್ಲಿ ಮೇಲಧಿಕಾರಿಗಳನ್ನೆಲ್ಲ ದಾಟಿ ನೇರವಾಗಿ ನಾಸಾದ ದೊಡ್ಡ ಅಧಿಕಾರಿ ರಾಬರ್ಟ್ ಸೀಮನ್ಸ್ ಅವರಿಗೆ ಒಂದು ಉದ್ದನೆಯ ಪತ್ರ ಬರೆದರು. ನಮಗೆ ಚಂದ್ರನಿಗೆ ಹೋಗಬೇಕೋ ಬೇಡವೋ ಅಂತ ಅದರಲ್ಲಿ ನೇರವಾಗಿಯೇ ಕೇಳಿದ್ದರು. ಸರ್ಕಾರಿ ಕೆಲಸದಲ್ಲಿರುವವರಿಗೆ ಇದು ಎಷ್ಟು ಅಪಾಯದ ಪತ್ರ ಅಂತ ಹೇಳಬೇಕಿಲ್ಲ.

ವಿರೋಧಿಸಿದವರ ಭಯವೂ ಸುಳ್ಳಲ್ಲ. ಚಂದ್ರನ ಸುತ್ತ ಎರಡು ನೌಕೆ ಒಂದನ್ನೊಂದು ಹುಡುಕಿ ಸೇರಬೇಕು. ಆಗ ಭೂಮಿಯ ಸುತ್ತ ಕೂಡ ಯಾರೂ ಹಾಗೆ ಮಾಡಿರಲಿಲ್ಲ. ಜೆಮಿನಿ 6 ಮತ್ತು 7 ಎಂಬ ನೌಕೆಗಳು ಪಕ್ಕಪಕ್ಕ ಬಂದಿದ್ದು 1965ರ ಡಿಸೆಂಬರಿನಲ್ಲಿ. ಚಂದ್ರನ ಹತ್ತಿರ ಈ ಭೇಟಿ ತಪ್ಪಿದರೆ ಕೆಳಗೆ ಹೋದ ಇಬ್ಬರ ಕತೆ ಮುಗಿಯಿತು. ಆದರೂ ಕೊನೆಗೆ ತೂಕದ ಲೆಕ್ಕವೇ ಗೆದ್ದಿತು. 1962ರ ಜುಲೈನಲ್ಲಿ ನಾಸಾ ಈ ದಾರಿಯನ್ನು ಆರಿಸಿತು, ನವೆಂಬರಿನಲ್ಲಿ ಗ್ರಮ್ಮನ್‌ಗೆ ಕೆಲಸ ಸಿಕ್ಕಿತು. ಅಲ್ಲಿ ಮುಖ್ಯ ಎಂಜಿನಿಯರ್ ಥಾಮಸ್ ಕೆಲ್ಲಿ.

ಒಂದು ಕೆಜಿಗೆ ನಾಲ್ಕು ಕೆಜಿ

ಲೆಕ್ಕ ಸ್ವಲ್ಪ ನೋಡಿಬಿಡೋಣ, ಕಷ್ಟವೇನಿಲ್ಲ. ಲೂನರ್ ಮಾಡ್ಯೂಲಿಗೆ ಎರಡು ಅಂತಸ್ತು. ಕೆಳಗಿನದು ಇಳಿಯಲು, ಅದಕ್ಕೆ ಕಾಲುಗಳಿವೆ. ಮೇಲಿನದರಲ್ಲಿ ಜನ ಇರುತ್ತಾರೆ, ಏಳುವಾಗ ಅದೊಂದೇ ಎದ್ದು ಬರುತ್ತದೆ, ಕೆಳಗಿನದು ಅಲ್ಲೇ ಉಳಿಯುತ್ತದೆ. ಮೇಲಿನ ಅಂತಸ್ತು ನೆಲ ಬಿಡುವಾಗ ಅದರ ತೂಕದಲ್ಲಿ ಅರ್ಧದಷ್ಟು ಇಂಧನ. ಇಡೀ ನೌಕೆ ಇಳಿಯಲು ಶುರು ಮಾಡುವಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿಯುವ ಇಂಧನ. ಎರಡನ್ನೂ ಗುಣಿಸಿ. ಕ್ಯಾಬಿನ್ನಿನಲ್ಲಿ ಒಂದು ಕೆಜಿ ಜಾಸ್ತಿ ಇಟ್ಟರೆ ನೌಕೆಯ ಒಟ್ಟು ತೂಕ ನಾಲ್ಕು ಕೆಜಿಗಿಂತ ಹೆಚ್ಚು ಏರುತ್ತದೆ. ಆ ನಾಲ್ಕು ಕೆಜಿಯನ್ನು ಚಂದ್ರನವರೆಗೆ ತಲುಪಿಸಲು ಸ್ಯಾಟರ್ನ್ 5 ರಾಕೆಟ್ ಎಷ್ಟು ಸುಡಬೇಕೋ ಅದು ಬೇರೆ.

ಅಪೊಲೊ 11ರ ಲೂನರ್ ಮಾಡ್ಯೂಲ್ ಈಗಲ್ ಸುಮಾರು 15 ಟನ್ ಇತ್ತು. ಅದರಲ್ಲಿ ಹತ್ತೂವರೆ ಟನ್ ಬರೀ ಇಂಧನ. ಉಳಿದ ನಾಲ್ಕೂವರೆ ಟನ್‌ನಲ್ಲಿ ಎರಡು ಎಂಜಿನ್, ಟ್ಯಾಂಕುಗಳು, ಕಾಲು, ಕಂಪ್ಯೂಟರ್, ರೇಡಾರ್, ಬ್ಯಾಟರಿ, ಗಾಳಿ, ನೀರು, ಊಟ, ಇಬ್ಬರು ಮನುಷ್ಯರು ಮತ್ತು ಅವರ ಸೂಟುಗಳು. ಒಂದು ಟೆಂಪೋ ಟ್ರಾವೆಲರ್‌ಗಿಂತ ಚೂರು ಜಾಸ್ತಿ ತೂಕದಲ್ಲಿ ಅಷ್ಟೂ ಮುಗಿಯಬೇಕು.

ಕಷ್ಟ ಏನಂದರೆ, ಡಿಸೈನ್ ಮುಂದುವರಿದ ಹಾಗೆ ಯಾವ ನೌಕೆಯಾದರೂ ದಪ್ಪವಾಗುತ್ತ ಹೋಗುತ್ತದೆ. ಪ್ರತಿ ವಿಭಾಗದವರೂ ತಮ್ಮ ಭಾಗಕ್ಕೆ ಇರಲಿ ಅಂತ ಸ್ವಲ್ಪ ಸೇರಿಸುತ್ತಾರೆ. ಊರಿಗೆ ಹೊರಟಾಗ ಅಮ್ಮ ಬ್ಯಾಗಿಗೆ ಒಂದೊಂದೇ ಡಬ್ಬಿ ಸೇರಿಸಿದ ಹಾಗೆ. 1965ರ ಹೊತ್ತಿಗೆ ಗ್ರಮ್ಮನ್‌ನಲ್ಲಿ ಇದು ಕೈ ಮೀರಿತು. ಎಲ್ಲ ಚಿತ್ರಗಳನ್ನೂ ಮತ್ತೆ ಹರಡಿ ಎಲ್ಲಿ ಎಷ್ಟು ಕೆರೆಯಬಹುದು ಅಂತ ನೋಡುವ ದೊಡ್ಡ ಕಾರ್ಯಕ್ರಮವೇ ಶುರುವಾಯಿತು. ಅದಕ್ಕೆ 'ಸೂಪರ್ ವೇಯ್ಟ್ ಇಂಪ್ರೂವ್‌ಮೆಂಟ್ ಪ್ರೋಗ್ರಾಂ' ಅಂತ ಹೆಸರಿಟ್ಟು, ಬಾಯಲ್ಲಿ ಸ್ವಿಪ್ ಅನ್ನುತ್ತಿದ್ದರು. ಕೆಲವು ತೀರ್ಮಾನಗಳು ಅದಕ್ಕೂ ಮೊದಲೇ ಆಗಿದ್ದವು, ಮತ್ತು ನನಗೆ ತುಂಬಾ ಇಷ್ಟವಾದವು ಅವೇ.

ಸೀಟು ಹೋಯಿತು, ಕಿಟಕಿ ಚಿಕ್ಕದಾಯಿತು

ಮೊದಲ ಚಿತ್ರಗಳಲ್ಲಿ ಇದಕ್ಕೆ ಹೆಲಿಕಾಪ್ಟರಿನ ಹಾಗೆ ದೊಡ್ಡ ದೊಡ್ಡ ಬಾಗಿದ ಗಾಜು, ಹಿಂದೆ ಎರಡು ಸೀಟು. ಸಹಜವೇ, ಕೂತವನಿಗೆ ಕೆಳಗಿನ ನೆಲ ಕಾಣಬೇಕಾದರೆ ಗಾಜು ದೊಡ್ಡದೇ ಬೇಕು. ಆದರೆ ಗಾಜು ತೂಕದಲ್ಲಿ ರಾಕ್ಷಸ. ಬಿಸಿಲು ಬಿದ್ದರೆ ಶಾಖ ಒಳಗೆ ಬರುತ್ತದೆ, ಅದನ್ನು ಹೊರಹಾಕಲು ಇನ್ನಷ್ಟು ಯಂತ್ರ ಬೇಕು.

ಆಗ ಬಂದ ಪ್ರಶ್ನೆ: ಸೀಟು ಯಾಕೆ? ಹಾರಾಟ ಗಂಟೆಗಟ್ಟಲೆ ಇಲ್ಲ. ಚಂದ್ರನಲ್ಲಿ ತೂಕ ಆರನೇ ಒಂದು ಪಾಲು. ನಮ್ಮ ಊರಿನ ಬಸ್ಸಿನಲ್ಲಿ ಇದಕ್ಕಿಂತ ಕಷ್ಟಪಟ್ಟು ನಿಂತು ಹೋಗುತ್ತೇವೆ. ಸೀಟು ತೆಗೆದರು. ಪೈಲಟ್ ನಿಂತ, ನಿಂತವನು ಕಿಟಕಿಗೆ ಮುಖ ಹತ್ತಿರ ತರಬಹುದು. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟರೆ ಇಡೀ ಬೀದಿ ಕಾಣುತ್ತದಲ್ಲ, ಹಾಗೆ ಕಿಟಕಿ ಎಷ್ಟೋ ಪಟ್ಟು ಚಿಕ್ಕದಾದರೂ ನೋಟ ಮೊದಲಿಗಿಂತ ಚೆನ್ನಾಗಿಯೇ ಸಿಕ್ಕಿತು. ನಿಂತವರು ತೇಲಿ ಹೋಗದಂತೆ ಸೊಂಟಕ್ಕೆ ಕೇಬಲ್ ಕಟ್ಟಿದರು. ಸೀಟಿನ ತೂಕ ಉಳಿಯಿತು, ಗಾಜಿನದು ಉಳಿಯಿತು, ಕ್ಯಾಬಿನ್ ಚಿಕ್ಕದಾಯಿತು, ನೋಟವೂ ಉತ್ತಮವಾಯಿತು. ಒಂದು ತೀರ್ಮಾನ ನಾಲ್ಕು ಕಡೆ ಲಾಭ ಕೊಡುವುದು ಎಂಜಿನಿಯರಿಂಗಿನಲ್ಲಿ ತೀರಾ ಅಪರೂಪ.

ಆ ಪುಟ್ಟ ಕಿಟಕಿಯ ಮೇಲೆ ಇನ್ನೊಂದು ಚಮತ್ಕಾರವಿದೆ. ಕಮಾಂಡರ್ ಬದಿಯ ಕಿಟಕಿಗೆ ಎರಡು ಗಾಜು. ಒಳಗಿನದರ ಮೇಲೂ ಹೊರಗಿನದರ ಮೇಲೂ ಸ್ಕೇಲಿನ ಹಾಗೆ ಗೀಟುಗಳನ್ನು ಹಾಕಿದ್ದಾರೆ. ತಲೆಯನ್ನು ಅತ್ತಿತ್ತ ಮಾಡಿ ಎರಡೂ ಗೀಟು ಒಂದರ ಮೇಲೊಂದು ಬರುವಂತೆ ನಿಂತರೆ ಕಣ್ಣು ಸರಿಯಾದ ಜಾಗದಲ್ಲಿದೆ ಅಂತ ಅರ್ಥ. ಕಂಪ್ಯೂಟರ್ ಒಂದು ಸಂಖ್ಯೆ ತೋರಿಸುತ್ತದೆ, ಪಕ್ಕದವನು ಅದನ್ನು ಓದಿ ಹೇಳುತ್ತಾನೆ, ಕಮಾಂಡರ್ ಆ ಸಂಖ್ಯೆಯ ಗೀಟಿನ ಮೂಲಕ ನೋಡಿದರೆ ನೌಕೆ ಎಲ್ಲಿ ಇಳಿಯಲು ಹೊರಟಿದೆಯೋ ಆ ಜಾಗ ಕಾಣುತ್ತದೆ. ಅಲ್ಲಿ ಬಂಡೆ ಇದ್ದರೆ ಕೈಯಲ್ಲಿರುವ ಕೋಲನ್ನು ಒಮ್ಮೆ ಒತ್ತಿ ಗುರಿ ಸರಿಸಬಹುದು. ಪರದೆ ಇಲ್ಲ, ಪ್ರೊಜೆಕ್ಟರ್ ಇಲ್ಲ. ಎರಡು ಗಾಜಿನ ಮೇಲೆ ಗೀಟು, ತೂಕ ಸೊನ್ನೆ!

ಕಾಲು, ಬಾಗಿಲು, ಹಗ್ಗ

ಗ್ರಮ್ಮನ್‌ನವರ ಮೊದಲ ಯೋಚನೆಯಲ್ಲಿ ಐದು ಕಾಲುಗಳಿದ್ದವು. ಮೂರು ಕಾಲಾದರೆ ಹಗುರ, ಆದರೆ ಒಂದು ಕೈಕೊಟ್ಟರೆ ನೌಕೆ ಮಗುಚುತ್ತದೆ. ಐದು ಸ್ಥಿರ, ಆದರೆ ಭಾರ. ನಾಲ್ಕಕ್ಕೆ ಬಂದು ನಿಂತರು. ಕಾಲಿನೊಳಗೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಇಲ್ಲ, ಜೇನುಗೂಡಿನ ಹಾಗಿರುವ ಅಲ್ಯೂಮಿನಿಯಂ ಇದೆ. ಬಿದ್ದ ರಭಸಕ್ಕೆ ಅದು ಜಜ್ಜಿಹೋಗಿ ಏಟನ್ನು ನುಂಗುತ್ತದೆ. ಒಂದೇ ಸಲ ಇಳಿಯುವ ನೌಕೆಗೆ ಸ್ಪ್ರಿಂಗು ವಾಪಸ್ ಬರಬೇಕಾದ ಅಗತ್ಯವೇ ಇಲ್ಲ, ಅಲ್ವಾ?

ಪಾದಗಳು ಸುಮಾರು 94 ಸೆಂಟಿಮೀಟರ್ ಅಗಲದ ತಟ್ಟೆಗಳು. ಚಂದ್ರನ ನೆಲ ಹಿಟ್ಟಿನಂಥ ದೂಳಾಗಿದ್ದು ನೌಕೆ ಹೂತುಹೋದರೆ ಅಂತ ಆಗ ನಿಜವಾದ ಭಯವಿತ್ತು. 1966ರ ಜೂನ್‌ನಲ್ಲಿ ಸರ್ವೇಯರ್ 1 ಮನುಷ್ಯರಿಲ್ಲದೆ ಇಳಿದು ನೆಲ ಗಟ್ಟಿಯಿದೆ ಅಂತ ತೋರಿಸಿತು. ಅಷ್ಟರಲ್ಲಿ ಕಾಲಿನ ಕೆಲಸ ಬಹಳ ದೂರ ಹೋಗಿತ್ತು.

ನೆಲಕ್ಕೆ ಇಳಿಯುವುದು ಹೇಗೆ? ಮೊದಲು ಯೋಚಿಸಿದ್ದು ಗಂಟು ಹಾಕಿದ ಹಗ್ಗ. ನಗಬೇಡಿ, ನಿಜ. ಹಗುರ ಅಂದರೆ ಹಗ್ಗಕ್ಕಿಂತ ಹಗುರವಾದದ್ದು ಯಾವುದಿದೆ? ಬೆತ್‌ಪೇಜ್‌ನಲ್ಲಿ ಮರದ ಮಾದರಿ ಮಾಡಿ, ಮನುಷ್ಯನ ತೂಕದಲ್ಲಿ ಆರರಲ್ಲಿ ಐದು ಪಾಲನ್ನು ಮೇಲಿನಿಂದ ರಾಟೆ ಮತ್ತು ತಂತಿಯಲ್ಲಿ ಎತ್ತಿ ಹಿಡಿದು, ಸೂಟು ಹಾಕಿ ಹತ್ತಿಸಿ ನೋಡಿದರು. ಗಾಳಿ ತುಂಬಿ ಬಿಗಿದ ಸೂಟು, ಬೆನ್ನ ಮೇಲೆ ದೊಡ್ಡ ಪೆಟ್ಟಿಗೆ, ದಪ್ಪ ಕೈಗವಸು. ಹಗ್ಗ ಹಿಡಿದು ಮೇಲೆ ಬರುವುದು ಆಗುವ ಮಾತಲ್ಲ ಅಂತ ಗೊತ್ತಾಯಿತು. ಆಗ ಮುಂಗಾಲಿಗೆ ಏಣಿ, ಬಾಗಿಲ ಮುಂದೆ ಪುಟ್ಟ ಜಗುಲಿ ಬಂದವು. ಬಾಗಿಲು ಮೊದಲು ದುಂಡಗಿತ್ತು. ಬೆನ್ನ ಪೆಟ್ಟಿಗೆ ದುಂಡನೆಯ ಬಾಗಿಲಿಗೆ ಸಿಕ್ಕಿಕೊಳ್ಳುತ್ತಿತ್ತು, ಅದನ್ನು ಚೌಕ ಮಾಡಿದರು. ಇಲ್ಲೆಲ್ಲ ತೂಕ ಜಾಸ್ತಿಯೇ ಆಯಿತು. ಕೊಡಲೇಬೇಕಾದ ಕಡೆ ಕೊಟ್ಟರು.

ಆರ್ಮ್‌ಸ್ಟ್ರಾಂಗ್ ಎಷ್ಟು ನಯವಾಗಿ ಇಳಿಸಿದರೆಂದರೆ ಕಾಲೊಳಗಿನ ಆ ಜೇನುಗೂಡು ಹೆಚ್ಚು ಜಜ್ಜಲೇ ಇಲ್ಲ. ಹಾಗಾಗಿ ಏಣಿಯ ಕೊನೆಯ ಮೆಟ್ಟಿಲು ಪಾದದ ತಟ್ಟೆಯಿಂದ ಸುಮಾರು ಮೂರಡಿ ಮೇಲೇ ಉಳಿಯಿತು. ಕೆಳಗೆ ಧುಮುಕಿ, ಮತ್ತೆ ಮೇಲಕ್ಕೆ ಹಾರಿ ಸಿಗುತ್ತದೋ ಇಲ್ಲವೋ ಅಂತ ನೋಡಿಕೊಂಡು, ಆಮೇಲೆ ಆ ಪ್ರಸಿದ್ಧ ಹೆಜ್ಜೆ ಇಟ್ಟರು.

ಊದಿದ ಕೆನ್ನೆಯ ಗುಟ್ಟು

ಮೇಲಿನ ಅಂತಸ್ತಿಗೆ ಮೊದಲು ನಾಲ್ಕು ಇಂಧನ ಟ್ಯಾಂಕು, ಎರಡು ಆ ಕಡೆ ಎರಡು ಈ ಕಡೆ, ನೋಡಲು ಚಂದ, ತೂಗಲು ಸಮ. ನಾಲ್ಕರ ಬದಲು ಎರಡು ಮಾಡಿದರೆ ಪೈಪು, ವಾಲ್ವು, ಆಧಾರ ಎಲ್ಲ ಅರ್ಧ. ಆದರೆ ಒಂದು ಟ್ಯಾಂಕಿನಲ್ಲಿ ಉರಿಯುವ ಇಂಧನ ಏರೋಝೀನ್ 50, ಇನ್ನೊಂದರಲ್ಲಿ ಉರಿಸುವ ನೈಟ್ರೋಜನ್ ಟೆಟ್ರಾಕ್ಸೈಡ್. ಎರಡನೆಯದು ಹೆಚ್ಚು ಭಾರದ ದ್ರವ, ಹಾಗಾಗಿ ಅಷ್ಟೇ ಗಾತ್ರದ ಟ್ಯಾಂಕಿನಲ್ಲಿ ಸುಮಾರು 1.6 ಪಟ್ಟು ತೂಕ. ಇಕ್ಕೆಲದಲ್ಲಿ ಇಟ್ಟರೆ ನೌಕೆ ವಾಲುತ್ತದೆ.

ಇದಕ್ಕೆ ಉತ್ತರ ನಮ್ಮ ಏತದಲ್ಲೇ ಇದೆ. ಹಗುರವಾದದ್ದನ್ನು ದೂರ ಇಡಿ, ಭಾರದ್ದನ್ನು ಹತ್ತಿರ. ಇಂಧನದ ಟ್ಯಾಂಕನ್ನು ನಡುವಿನಿಂದ ಅಷ್ಟು ಪಟ್ಟು ದೂರಕ್ಕೆ ತಳ್ಳಿದರು. ಎರಡೂ ಒಟ್ಟೊಟ್ಟಿಗೆ ಅದೇ ಲೆಕ್ಕದಲ್ಲಿ ಖಾಲಿಯಾಗುವುದರಿಂದ ಕೊನೆಯವರೆಗೂ ಸಮತೋಲ ತಪ್ಪುವುದಿಲ್ಲ. ಅದೇ ಆ ಊದಿದ ಕೆನ್ನೆ. ಗಾಳಿಯೇ ಇಲ್ಲದ ಕಡೆ ಹಾರುವ ನೌಕೆ ಚಂದ ಕಾಣಬೇಕಾದ ಅಗತ್ಯ ಇಲ್ಲ ಅನ್ನುವುದನ್ನು ಈ ಜನ ನಿಜವಾಗಿ ನಂಬಿದ್ದರು. ವಿಮಾನ ಮಾಡಿ ಅಭ್ಯಾಸವಾದವರಿಗೆ ಇದು ಸುಲಭವಾಗಿರಲಿಕ್ಕಿಲ್ಲ.

ಚರ್ಮದ ಕತೆ ಇನ್ನೂ ಮಜವಾಗಿದೆ. ಅಲ್ಯೂಮಿನಿಯಂ ಹಾಳೆಯನ್ನು ಯಂತ್ರದಲ್ಲಿ ಅಷ್ಟು ತೆಳುವಾಗಿ ಹೆರೆಯುವುದು ಕಷ್ಟ. ಅದಕ್ಕೆ ಕ್ಷಾರದ ದ್ರಾವಣದಲ್ಲಿ ಅದ್ದಿ, ಬೇಡದ ಕಡೆ ಕರಗಿಸಿ, ಬಲ ಬೇಕಾದ ಕಡೆ ಮಾತ್ರ ದಪ್ಪ ಉಳಿಸಿದರು. ಕ್ಯಾಬಿನ್ನಿನ ಗೋಡೆ ಕೆಲವೆಡೆ 0.3 ಮಿಲಿಮೀಟರಿಗೆ ಬಂತು. ಒಳಗೆ ಗಾಳಿಯ ಒತ್ತಡ ನಮ್ಮ ನೆಲಮಟ್ಟದ ಮೂರನೇ ಒಂದು ಪಾಲು ಮಾತ್ರ, ಅದೂ ಬರೀ ಆಮ್ಲಜನಕ. ಹಾಗಾಗಿ ತಡೆಯಿತು. ಹೊರಗೆ ಶಾಖ ತಡೆಯಲು ಇದ್ದ ಗಟ್ಟಿ ತಗಡುಗಳ ಬದಲು ಕೆಳ ಅಂತಸ್ತಿಗೆ ಪದರ ಪದರವಾಗಿ ತೆಳು ಪ್ಲಾಸ್ಟಿಕ್ ಹಾಳೆಯ ಹೊದಿಕೆ ಹಾಕಿದರು. ಪದರಗಳು ಒಂದಕ್ಕೊಂದು ಅಂಟಿದರೆ ಶಾಖ ದಾಟುತ್ತದೆ. ಅದಕ್ಕೆ ಬೇಕಂತಲೇ ಹಾಳೆಗಳನ್ನು ಕೈಯಲ್ಲಿ ಮುದುಡಿ ಹಾಕುತ್ತಿದ್ದರು. ಮನೆ ಸಾಮಾನಿನ ಹಾಗಿದೆ ಅಂದೆನಲ್ಲ, ಆ ಮುದುಡು ಲೆಕ್ಕ ಹಾಕಿ ಮಾಡಿದ್ದು.

ವಿದ್ಯುತ್ತಿಗೆ ಮೊದಲು ಫ್ಯೂಯೆಲ್ ಸೆಲ್ ಇತ್ತು, ಅಂದರೆ ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿಸಿ ವಿದ್ಯುತ್ ಮಾಡುವ ಸಾಧನ. 1965ರಲ್ಲಿ ಅದನ್ನು ಕೈಬಿಟ್ಟು ಬೆಳ್ಳಿ-ಸತು ಬ್ಯಾಟರಿಗಳಿಗೆ ಬಂದರು, ಕೆಳಗೆ ನಾಲ್ಕು, ಮೇಲೆ ಎರಡು. ಸರಳ, ಕೆಡುವಂಥದ್ದು ಕಡಿಮೆ. ಈ ಬ್ಯಾಟರಿಗಳ ಮಾತು ಮುಂದೆ ಮತ್ತೆ ಬರುತ್ತದೆ.

ಸಾಲ ವಸೂಲಿ

ಇಲ್ಲಿಯವರೆಗೆ ಓದಿದರೆ ಎಲ್ಲ ಜಾಣತನವೇ ಅನ್ನಿಸುತ್ತದೆ. ಈಗ ಇನ್ನೊಂದು ಮುಖ.

ತಂತಿಗಳ ತೂಕ ಉಳಿಸಲು ತೀರಾ ಸಣ್ಣ ತಾಮ್ರದ ತಂತಿ ಹಾಕಿದ್ದರು. ಕೆಲಸ ಮಾಡುವವರು ಅಕ್ಕಪಕ್ಕ ಸರಿದಾಡುವಾಗ ಕೈ ತಗುಲಿದರೆ ಕಡಿದುಹೋಗುತ್ತಿತ್ತು. ಒಂದು ರಿಪೇರಿ ಮಾಡಲು ಒಳಗೆ ಹೋದವನು ಇನ್ನೆರಡು ಕಡಿದು ಬರುತ್ತಿದ್ದ. ತೆಳುವಾದ ಅಲ್ಯೂಮಿನಿಯಂ ಕೊಳವೆಗಳ ತುದಿಯಲ್ಲಿ, ಬಿಗಿದಿಟ್ಟ ಒತ್ತಡಕ್ಕೆ ಕಾಲ ಕಳೆದಂತೆ ಕೂದಲೆಳೆಯಂಥ ಬಿರುಕು ಕಾಣಿಸಿದವು. ಹೊಸದಾಗಿದ್ದಾಗ ಪರೀಕ್ಷೆಯಲ್ಲಿ ಪಾಸ್, ಕೆಲವು ತಿಂಗಳಾದ ಮೇಲೆ ಬಿರುಕು. ಎಲ್ಲಿ ಯಾವಾಗ ಬರುತ್ತದೋ ಗೊತ್ತಾಗದ ಇಂಥ ದೋಷ ಎಂಜಿನಿಯರಿಗೆ ನಿದ್ದೆ ಕೆಡಿಸುವಂಥದ್ದು.

1967ರ ಜನವರಿ 27ರಂದು ಅಪೊಲೊ 1ರ ಬೆಂಕಿಯಲ್ಲಿ ಮೂವರು ಗಗನಯಾತ್ರಿಗಳು ನೆಲದ ಮೇಲೆಯೇ ತೀರಿಕೊಂಡರು. ಅದು ಗ್ರಮ್ಮನ್ ಮಾಡಿದ ನೌಕೆ ಅಲ್ಲ, ಮೂವರನ್ನೂ ಭೂಮಿಗೆ ವಾಪಸ್ ತರುವ ಮುಖ್ಯ ನೌಕೆ, ಕಮಾಂಡ್ ಮಾಡ್ಯೂಲ್. ಆದರೂ ಬರೀ ಆಮ್ಲಜನಕದಲ್ಲಿ ಬೆಂಕಿ ಹಿಡಿಯುವ ಎಲ್ಲವನ್ನೂ ಇಲ್ಲಿಯೂ ಬದಲಿಸಬೇಕಾಯಿತು. ಅಷ್ಟು ಕಷ್ಟಪಟ್ಟು ಕೆರೆದ ತೂಕದಲ್ಲಿ ಒಂದಿಷ್ಟು ವಾಪಸ್ ಬಂತು.

ಅದೇ ವರ್ಷ ಜೂನ್‌ನಲ್ಲಿ ಮೊದಲ ಹಾರುವ ನೌಕೆ ಎಲ್‌ಎಂ-1 (ಅಂದರೆ ಲೂನರ್ ಮಾಡ್ಯೂಲ್ 1) ಫ್ಲಾರಿಡಾಕ್ಕೆ ತಲುಪಿತು. ಅಲ್ಲಿಯವರು ಪರೀಕ್ಷಿಸಿದರೆ ಇಂಧನದ ಕೊಳವೆಗಳ ಕೂಡುಗಳಲ್ಲಿ ಸೋರಿಕೆ. ಗ್ರಮ್ಮನ್‌ಗೆ ಇದಕ್ಕಿಂತ ಅವಮಾನ ಬೇರೆ ಬೇಕಿರಲಿಲ್ಲ. ಡಿಸೆಂಬರಿನಲ್ಲಿ ಬೆತ್‌ಪೇಜ್‌ನಲ್ಲಿ ಎಲ್‌ಎಂ-5ಕ್ಕೆ ಗಾಳಿ ತುಂಬಿ ಪರೀಕ್ಷಿಸುವಾಗ ಒಂದು ಕಿಟಕಿ ಒಡೆದುಹೋಯಿತು. ಎಲ್‌ಎಂ-5 ಅಂದರೆ ಮುಂದೆ ಈಗಲ್ ಅಂತ ಹೆಸರಾದದ್ದೇ! ಆ ಭಯಕ್ಕೆ ಎಲ್‌ಎಂ-1ರ ಕಿಟಕಿಗಳನ್ನು ಕಿತ್ತು ಅಲ್ಯೂಮಿನಿಯಂ ತಗಡು ಹಾಕಿ, 1968ರ ಜನವರಿಯಲ್ಲಿ ಅಪೊಲೊ 5 ಹೆಸರಿನಲ್ಲಿ ಮನುಷ್ಯರಿಲ್ಲದೆ ಹಾರಿಸಿದರು.

ಮನುಷ್ಯರು ಹೋಗಬೇಕಿದ್ದ ಎಲ್‌ಎಂ-3 ಬಂದಾಗ ಅದರಲ್ಲೂ ದೋಷಗಳ ಉದ್ದ ಪಟ್ಟಿ. ಅದು ತಡವಾಗಿದ್ದರಿಂದಲೇ ನಾಸಾ ಕಾಯುವ ಬದಲು, ಇಳಿಯುವ ನೌಕೆ ಇಲ್ಲದೆಯೇ ಮೂವರನ್ನು ಚಂದ್ರನ ಸುತ್ತ ಕಳಿಸುವ ಧೈರ್ಯ ಮಾಡಿತು. 1968ರ ಕ್ರಿಸ್‌ಮಸ್ ಹೊತ್ತಿನ ಅಪೊಲೊ 8 ಅದೇ. ಆ ಹಾರಾಟದ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ. ಅದರ ಹಿಂದೆ ಬೆತ್‌ಪೇಜ್‌ನ ತಡವೂ ಒಂದು ಕಾರಣ ಅನ್ನುವುದು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಪರೀಕ್ಷೆ ಮಾಡುವುದೇ ದೊಡ್ಡ ತಲೆನೋವು. ಇದನ್ನು ಭೂಮಿಯಲ್ಲಿ ಹಾರಿಸಿ ನೋಡುವ ಹಾಗಿಲ್ಲ. ಭೂಮಿ ಮೇಲೆ ಚಂದ್ರ ಎಲ್ಲಿ ಸಿಗಬೇಕು? ನಮ್ಮವರೂ ಚಂದ್ರಯಾನ-2ರ ಲ್ಯಾಂಡರಿನ ಸೆನ್ಸರುಗಳನ್ನು ನೋಡಲು ಚಿತ್ರದುರ್ಗದ ಚಳ್ಳಕೆರೆ ಹತ್ತಿರ ಗುಂಡಿಗಳನ್ನು ತೋಡಿಕೊಂಡಿದ್ದರು. ಚಂದ್ರಯಾನ-3ಕ್ಕೆ ಬರುವಾಗ ನಡುವಿನ ಐದನೇ ಎಂಜಿನ್ ತೆಗೆದು, ಕಾಲು ಗಟ್ಟಿ ಮಾಡಿ, ಇಂಧನ ಜಾಸ್ತಿ ಇಟ್ಟರು. ಆರು ದಶಕ ಕಳೆದರೂ ಅದೇ ಕಾಲು, ಅದೇ ಇಂಧನ, ಅದೇ ಹಗ್ಗಜಗ್ಗಾಟ.

ಒಂದೇ ಎಂಜಿನ್, ಒಂದೇ ಸಲ

ತೂಕದ ಹುಚ್ಚು ಇಷ್ಟಿದ್ದರೂ ಒಂದು ಕಡೆ ಮಾತ್ರ ಇವರು ಹಗುರ ಅನ್ನುವುದಕ್ಕಿಂತ ಸರಳ ಅನ್ನುವುದಕ್ಕೆ ಮಣೆ ಹಾಕಿದರು. ಚಂದ್ರನಿಂದ ಏಳುವ ಎಂಜಿನ್. ಅದಕ್ಕೆ ಬದಲಿ ಇಲ್ಲ. ಅದು ಹೊತ್ತಿಕೊಳ್ಳದಿದ್ದರೆ ಇಬ್ಬರೂ ಅಲ್ಲೇ. ಹಾಗಾಗಿ ಅದರಲ್ಲಿ ಪಂಪು ಇಲ್ಲ, ಹೀಲಿಯಂ ಒತ್ತಡವೇ ಇಂಧನವನ್ನು ತಳ್ಳುತ್ತದೆ. ಕಿಡಿ ಹಚ್ಚುವ ಸಾಧನ ಇಲ್ಲ, ಎರಡು ದ್ರವ ಮುಟ್ಟಿದರೆ ಸಾಕು ತಾವೇ ಉರಿಯುತ್ತವೆ. ಎಂಜಿನ್ ಅತ್ತಿತ್ತ ತಿರುಗುವುದಿಲ್ಲ, ಶಕ್ತಿ ಹೆಚ್ಚುಕಡಿಮೆ ಮಾಡುವ ಹಾಗಿಲ್ಲ. ಅಲುಗಾಡುವ ಭಾಗ ಅಂದರೆ ವಾಲ್ವುಗಳು, ಅವನ್ನೂ ಜೋಡಿ ಜೋಡಿಯಾಗಿ ಇಟ್ಟಿದ್ದರು.

ಅಷ್ಟು ಸರಳವಾದದ್ದೂ ಕಾಟ ಕೊಟ್ಟಿತು. ಒಳಗೆ ಉರಿ ಒಂದೇ ಸಮ ಇರದೆ ನಡುಗುತ್ತಿತ್ತು. ಪರೀಕ್ಷೆ ಹೇಗೆ ಗೊತ್ತೇ? ಉರಿಯುತ್ತಿರುವ ಎಂಜಿನ್ ಒಳಗೆ ಪುಟ್ಟ ಬಾಂಬು ಸಿಡಿಸುವುದು. ಆ ಏಟಿನ ಮೇಲೂ ಉರಿ ತಾನಾಗಿ ಶಾಂತವಾದರೆ ಪಾಸು. ಬೆಲ್ ಕಂಪನಿಯ ಎಂಜಿನ್ ಇದರಲ್ಲಿ ಮತ್ತೆ ಮತ್ತೆ ಎಡವಿತು, ಕೊನೆಗೆ ದ್ರವ ಚಿಮುಕಿಸುವ ಭಾಗವನ್ನು ರಾಕೆಟ್‌ಡೈನ್ ಕಂಪನಿಯಿಂದ ಮಾಡಿಸಿ ಕೂರಿಸಿದರು.

ಈಗಲ್ ಏಳುವ ಮೊದಲು ಇನ್ನೊಂದು ಸಣ್ಣ ಎಡವಟ್ಟು. ಇಬ್ಬರು ಸೂಟು, ಬೆನ್ನ ಪೆಟ್ಟಿಗೆ ಹಾಕಿಕೊಂಡು ಆ ಇಕ್ಕಟ್ಟಿನಲ್ಲಿ ತಿರುಗುವಾಗ ಎಲ್ಲೋ ತಗುಲಿ ಒಂದು ಸ್ವಿಚ್ಚಿನ ತುದಿ ಮುರಿದು ನೆಲದ ಮೇಲೆ ಬಿದ್ದಿತ್ತು. ಅದು ಯಾವುದು? ಏಳುವ ಎಂಜಿನ್ನಿಗೆ ಸಿದ್ಧ ಅಂತ ಹೇಳುವ ಬ್ರೇಕರ್! ಆರ್ಮ್‌ಸ್ಟ್ರಾಂಗ್ ಜೊತೆಗಿದ್ದ ಆಲ್ಡ್ರಿನ್ ತಮ್ಮ ಹತ್ತಿರ ಇದ್ದ ಸ್ಕೆಚ್ ಪೆನ್ನನ್ನು ಆ ತೂತಿಗೆ ಒತ್ತಿ ಕೆಲಸ ಮುಗಿಸಿದರು. ಕ್ಯಾಬಿನ್ ಚಿಕ್ಕದಾದದ್ದಕ್ಕೆ ತೆತ್ತ ಬೆಲೆ ಅಂತ ನಾನು ಇದನ್ನು ಲೆಕ್ಕಕ್ಕೆ ಹಾಕುತ್ತೇನೆ.

ಇಬ್ಬರ ಮನೆಯಲ್ಲಿ ಮೂವರು

1970ರ ಏಪ್ರಿಲ್‌ನಲ್ಲಿ ಅಪೊಲೊ 13ರ ಮುಖ್ಯ ನೌಕೆಯಲ್ಲಿ ಆಮ್ಲಜನಕದ ಟ್ಯಾಂಕು ಸಿಡಿಯಿತು. ಚಂದ್ರನ ದಾರಿಯಲ್ಲಿ ಮುಕ್ಕಾಲು ಭಾಗ ದಾಟಿ ಹೋಗಿದ್ದರು. ಅಲ್ಲಿ ಫ್ಯೂಯೆಲ್ ಸೆಲ್‌ಗಳು ಆ ಟ್ಯಾಂಕುಗಳ ಮೇಲೇ ನಿಂತಿದ್ದವು, ಆಮ್ಲಜನಕ ಹೋದರೆ ವಿದ್ಯುತ್ತೂ ಹೋಯಿತು. ಮೂವರೂ ಪಕ್ಕದ ಲೂನರ್ ಮಾಡ್ಯೂಲ್ ಅಕ್ವೇರಿಯಸ್‌ಗೆ ಸರಿದರು. ಇಬ್ಬರಿಗೆ ಸುಮಾರು ಎರಡು ದಿನಕ್ಕೆ ಅಂತ ಮಾಡಿದ ಮನೆ, ಮೂವರಿಗೆ ನಾಲ್ಕು ದಿನ ಬರಬೇಕು.

ನಮ್ಮ ಬ್ಯಾಟರಿಗಳು ಇಲ್ಲಿ ಬಂದವು. ತಮ್ಮಷ್ಟಕ್ಕೆ ತಾವಿದ್ದು ಬೇರೆ ಯಾವ ಟ್ಯಾಂಕನ್ನೂ ನೆಚ್ಚದ ಬ್ಯಾಟರಿ. ಬಳಕೆಯನ್ನು ಐದನೇ ಒಂದು ಪಾಲಿಗೆ ಇಳಿಸಿದರು. ಹೀಟರ್ ಇಲ್ಲ, ಒಳಗೆ ನಮ್ಮ ಫ್ರಿಜ್ಜಿನಷ್ಟು ಚಳಿ. ಎಲ್ಲಕ್ಕಿಂತ ಬಿಗಿಯಾದದ್ದು ನೀರು, ಯಂತ್ರಗಳನ್ನು ತಂಪಾಗಿಡಲೂ ಅದೇ ನೀರು ಬೇಕು. ಒಬ್ಬರಿಗೆ ದಿನಕ್ಕೆ ಒಂದು ಲೋಟದಷ್ಟು. ದಾರಿ ತಿದ್ದಲು ಬಳಸಿದ್ದು ಚಂದ್ರನ ಮೇಲೆ ಇಳಿಯಬೇಕಿದ್ದ ಎಂಜಿನ್ನನ್ನು. ಒಂದು ವರ್ಷ ಮೊದಲು ಅಪೊಲೊ 9ರಲ್ಲಿ, ಜೋಡಿಸಿದ ಎರಡೂ ನೌಕೆಗಳನ್ನು ಇದೇ ಎಂಜಿನ್‌ನಿಂದ ತಳ್ಳಿ ನೋಡಿದ್ದರು, ಅದು ಕೆಲಸಕ್ಕೆ ಬಂತು.

ಆದರೆ ಡಿಸೈನಿನ ಒಂದು ದೊಡ್ಡ ಮರೆವು ಇಲ್ಲೇ ಬಯಲಾಯಿತು. ಉಸಿರಿನಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಹೀರಲು ಎರಡೂ ನೌಕೆಯಲ್ಲಿ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳಿದ್ದವು. ಮುಖ್ಯ ನೌಕೆಯದು ಚೌಕ, ಇಲ್ಲಿಯದು ದುಂಡು. ಎರಡು ಕಂಪನಿ, ಎರಡು ಆಕಾರ. ಪಕ್ಕದಲ್ಲೇ ಬೇಕಾದಷ್ಟು ಡಬ್ಬಿ ಬಿದ್ದಿದ್ದರೂ ಕೂರುವುದಿಲ್ಲ. ಅತ್ತೆ ಮನೆಯ ಕುಕ್ಕರಿಗೆ ನಮ್ಮ ಮನೆಯ ಗ್ಯಾಸ್ಕೆಟ್ ಹಾಕಲು ಹೋದ ಹಾಗೆ, ಇಲ್ಲಿ ಮಾತ್ರ ಪ್ರಾಣದ ಪ್ರಶ್ನೆ. ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದವರು ಪ್ಲಾಸ್ಟಿಕ್ ಚೀಲ, ರಟ್ಟು, ಸೂಟಿನ ಮೆದುಗೊಳವೆ, ಟೇಪು ಸೇರಿಸಿ ಒಂದು ಜೋಡಣೆ ಮಾಡಿ, ಹೇಗೆ ಮಾಡಬೇಕು ಅಂತ ರೇಡಿಯೊದಲ್ಲಿ ಓದಿ ಹೇಳಿದರು. ಒಂದೊಂದು ಗ್ರಾಂ ಎಣಿಸಿದ ಜನ, ಎರಡು ಡಬ್ಬಿ ಒಂದೇ ಆಕಾರದಲ್ಲಿ ಇರಲಿ ಅಂತ ಹೇಳಲು ಮರೆತಿದ್ದರು. ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಕೊರೆಯುವುದು ಇದೇ. ಅವರವರ ನೌಕೆಯೊಳಗೆ ಎಲ್ಲ ಸರಿ. ಎರಡರ ನಡುವಿನ ಜಾಗಕ್ಕೆ ಯಾರೂ ಯಜಮಾನರಿರಲಿಲ್ಲ.

ಮೂವರೂ ಮನೆಗೆ ಬಂದ ಮೇಲೆ ಗ್ರಮ್ಮನ್‌ನವರು ತಮಾಷೆಗೆ ಮುಖ್ಯ ನೌಕೆ ಮಾಡಿದ ನಾರ್ತ್ ಅಮೆರಿಕನ್ ರಾಕ್‌ವೆಲ್ ಕಂಪನಿಗೆ ಒಂದು ಬಿಲ್ ಕಳಿಸಿದರು. ಕೆಟ್ಟು ನಿಂತ ಗಾಡಿಯನ್ನು ಎಳೆದು ತಂದದ್ದಕ್ಕೆ, ಬ್ಯಾಟರಿ ಚಾರ್ಜಿಗೆ, ಹೆಚ್ಚುವರಿ ಅತಿಥಿಯ ಕೋಣೆ ಬಾಡಿಗೆಗೆ. ರಿಯಾಯಿತಿ ಕಳೆದು ಒಟ್ಟು 3,12,421 ಡಾಲರ್ 24 ಸೆಂಟು.

ಮನುಷ್ಯರೊಂದಿಗೆ ಒಂಬತ್ತು ಲೂನರ್ ಮಾಡ್ಯೂಲುಗಳು ಹಾರಿದವು, ಆರು ಚಂದ್ರನ ಮೇಲೆ ಇಳಿದವು. ಕೆಳ ಅಂತಸ್ತುಗಳು ಅಲ್ಲೇ ನಿಂತಿವೆ. ಅಕ್ವೇರಿಯಸ್ ಭೂಮಿಯ ಗಾಳಿಯಲ್ಲಿ ಉರಿದುಹೋಯಿತು. 1969ರ ಮೇನಲ್ಲಿ ಅಪೊಲೊ 10ರ ಸ್ನೂಪಿ ಚಂದ್ರನಿಗೆ ಸುಮಾರು 15 ಕಿಲೋಮೀಟರ್ ಹತ್ತಿರದವರೆಗೆ ಹೋಗಿ, ಇಳಿಯದೆ ವಾಪಸ್ ಬಂದಿತ್ತು. ಆ ಎಲ್‌ಎಂ-4 ಇಳಿದು ಏಳಲು ಇರಬೇಕಾದದ್ದಕ್ಕಿಂತ ಭಾರವಾಗಿತ್ತು. ಕೆಲಸ ಮುಗಿದ ಮೇಲೆ ಅದರ ಮೇಲಿನ ಅಂತಸ್ತಿನ ಎಂಜಿನ್ನನ್ನು ಇಂಧನ ತೀರುವವರೆಗೆ ಉರಿಸಿ ಬಿಟ್ಟುಬಿಟ್ಟರು. ಅದು ಇವತ್ತಿಗೂ ಸೂರ್ಯನ ಸುತ್ತ ಸುತ್ತುತ್ತಿದೆ, ಒಳಗೆ ಯಾರೂ ಇಲ್ಲ, ಸೀಟೂ ಇಲ್ಲ.